ಜಗಳವಿಲ್ಲದ ದೋಣಿ

ನಮ್ಮ ಸಾರ್ ಕಳೆದ ತಿಂಗಳು ಎರಡನೇ ಸಲ ನಿವೃತ್ತರಾದರು. ಮೊದಲನೇ ಸಲ ಸರ್ಕಾರ ಮಾಡಿಸಿತ್ತು, ಈ ಸಲ ಮೊಣಕಾಲು ಮಾಡಿಸಿತು. ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುವುದು ಇನ್ನು ಆಗುವುದಿಲ್ಲ ಅಂತ ಫೋನಿನಲ್ಲಿ ತಿಳಿಸಿದರು. ನಿಮ್ಮ ಬಗ್ಗೆ ನಾಲ್ಕು ಪುಟ ಬರೆಯಲಾ ಸಾರ್ ಅಂತ ಕೇಳಿದೆ. ಬರಿ, ಆದರೆ ಹೆಸರು ಹಾಕಬೇಡ, ಹಾಕಿದರೆ ಧಾರವಾಡದ ನೆಂಟರೆಲ್ಲ ಮಕ್ಕಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಬೇಕು ಅಂತ ನನಗೇ ಫೋನು ಹಚ್ಚುತ್ತಾರೆ ಅಂದರು. ಹಾಗಾಗಿ ಇಲ್ಲಿ ಅವರು ಬರೀ ಸಾರ್. ಕೊಚ್ಚಿಯ ನಮ್ಮ ಆಫೀಸಿನಲ್ಲೂ ಅವರಿಗೆ ಬೇರೆ ಹೆಸರಿರಲಿಲ್ಲ. ಮಲಯಾಳಿಗಳು ‘ಸಾರೇ’ ಅಂತ ಎಳೆಯುತ್ತಿದ್ದರು, ಮೈಸೂರಿನವನಾದ ನಾನು ‘ಸಾರ್’ ಅಂತ ಕತ್ತರಿಸುತ್ತಿದ್ದೆ. ವ್ಯತ್ಯಾಸ ಅಷ್ಟೇ.

ಆ ಆಫೀಸು ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ, ಐದನೇ ಮಹಡಿ. ಫೋನಿನಲ್ಲಿ ಆಡುವ ಆಟಗಳನ್ನು ಮಾಡುವ ಸಣ್ಣ ಕಂಪನಿ. ಆಟ ಆಡುವವರು ಎಲ್ಲೆಲ್ಲೋ ಇರುತ್ತಾರೆ, ಆದರೆ ಆಟ ನಡೆಯುವುದು ನಮ್ಮ ಗಾಜಿನ ಕೋಣೆಯೊಳಗಿನ ಸರ್ವರುಗಳಲ್ಲಿ. ಅವುಗಳ ಮೈ ಬಿಸಿಯಾಗದಂತೆ, ಮುನಿಸಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಂಟ್ರಾಕ್ಟು, ಮಾರ್ಚ್ ತನಕ. ಇದು ನನಗೆ ಕೊಟ್ಟಿದ್ದ ಕೆಲಸ. ನಾನು ನಿಜವಾಗಿ ಮಾಡುತ್ತಿದ್ದದ್ದು ಎಲ್ಲರ ಮಿಮಿಕ್ರಿ. ಲಿಫ್ಟಿನೊಳಗಿನ ಹೆಂಗಸಿನ ದನಿ, ಹತ್ತು ಮಾತಿಗೆ ಆರು ಸಲ ‘ಬೇಸಿಕಲಿ’ ಅನ್ನುವ ನಮ್ಮ ಮಾಲೀಕ ಅನೂಪ್ ಚೇಟ (ಅಲ್ಲಿ ಅಣ್ಣನಿಗೆ ಚೇಟ ಅನ್ನುತ್ತಾರೆ), ಊಟ ಮಾಡದೆಯೇ ‘ಆಯ್ತಮ್ಮ, ಹೊಟ್ಟೆ ತುಂಬ ಆಯ್ತು’ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳುವ ನಾನು. ಈ ಕೊನೆಯದಕ್ಕೇ ಚಪ್ಪಾಳೆ ಜಾಸ್ತಿ.

ಸಾರ್ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದವರು. ನಿವೃತ್ತಿಯ ಮೇಲೆ ನಮಗೆ ಸಲಹೆಗಾರ. ಪ್ರತಿ ಮಂಗಳವಾರ ಬೆಳಗಿನ ಟ್ರೈನು ಹತ್ತಿ ಎರ್ನಾಕುಳಂಗೆ ಬಂದು, ಬುಧವಾರ ಸಂಜೆ ವಾಪಸು. ಅವರ ಸಂಸ್ಥೆಯ ಹೆಸರು ಕೇಳಿದ ಕೂಡಲೇ ಹುಡುಗರು ರಾಕೆಟ್ಟಿನ ಕಥೆ ಹೇಳಿ ಸಾರೇ ಅಂತ ಮುತ್ತಿಕೊಂಡರು. ಸಾರ್ ಚಷ್ಮಾ ತೆಗೆದು ಕೀಬೋರ್ಡಿನ ಮೇಲಿಟ್ಟು, ಒಂದು ಸಲ ಕೆಮ್ಮಿ, ಒಂದು ಏಸಿಯ ನೀರು ತೊಟ್ಟಿಕ್ಕಿ ಯಾವ ಯಾವ ಕಡೆಯಿಂದ ಹೇಗೆ ಹೇಗೆ ಹರಿಯಿತು ಅಂತ ಮುಕ್ಕಾಲು ಗಂಟೆ ಹೇಳಿದರು. ಮರುದಿನದಿಂದ ಯಾರೂ ರಾಕೆಟ್ ಕೇಳಲಿಲ್ಲ.

ನಾನು ಅವರನ್ನು ಮೊದಲ ವಾರವೇ ಹಿಡಿದುಕೊಂಡೆ. ಕೆಮ್ಮು, ಚಷ್ಮಾ, ಸರ್ವರಿನ ಹತ್ತಿರ ಹೋದರೆ ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅಂಗೈ ಹಿಂಬದಿಯಿಂದ ಅದರ ಮೈ ಮುಟ್ಟಿ ನೋಡುವುದು. ಒಂದು ದಿನ ಕ್ಯಾಂಟೀನಿನಲ್ಲಿ ಪಳಂಪೊರಿ ಅನ್ನುವ ಬಾಳೆಹಣ್ಣಿನ ಬಜ್ಜಿಯ ತಟ್ಟೆಯನ್ನೇ ಸರ್ವರ್ ಮಾಡಿಕೊಂಡು, ಕೆಮ್ಮಿ, ಇಲ್ಲದ ಚಷ್ಮಾ ತೆಗೆದು, ಜ್ವರ ನೋಡುತ್ತಿದ್ದಾಗ ಎದುರಿಗೆ ಕೂತವರ ನಗು ಪಟ್ಟನೆ ನಿಂತಿತು. ತಿರುಗಿದರೆ ಸಾರ್, ಕೈಯಲ್ಲಿ ಡಬ್ಬಿ. ನಾನು ತಟ್ಟೆಯಿಂದ ಕೈ ತೆಗೆದೆ.

“ಕೆಮ್ಮು ಆಮ್ಯಾಲ,” ಅಂದರು ಸಾರ್. “ಮೊದಲ ಚಷ್ಮಾ ತಗೀತೇನಿ, ಆಮ್ಯಾಲ ಕೆಮ್ಮತೇನಿ. ನೀ ಉಲ್ಟಾ ಮಾಡಿದಿ.”

ಹೇಳಿ, ಕೂತು, ಡಬ್ಬಿ ಬಿಚ್ಚಿ ನನಗೂ ಅರ್ಧ ಜೋಳದ ರೊಟ್ಟಿ ಮುರಿದು ಕೊಟ್ಟರು. ಅವರು ಎಲ್ಲವನ್ನೂ ಹಾಗೇ ತಿದ್ದುತ್ತಿದ್ದರು. ಸಿಟ್ಟು ಬರುವ ಜಾಗದಲ್ಲಿ ಅವರಿಗೆ ತಿದ್ದುಪಡಿ ಬರುತ್ತಿತ್ತು.

ಯಾರಾದರೂ ಹೊಸ ಮಷೀನಿನ ಕೊಟೇಶನ್ ತಂದರೆ ಸಾರ್ ಮೊದಲು ಬೆಲೆ ನೋಡುತ್ತಿರಲಿಲ್ಲ. ಮೊದಲ ಪ್ರಶ್ನೆ ಒಂದೇ: “ಕೆಟ್ಟಾಗ ಯಾರ್ ಹೋಗ್ತಾರ?” ಮಲಯಾಳದಲ್ಲಿ ಕೇಳಿದರೂ ಅದರೊಳಗೆ ಧಾರವಾಡ ಕೇಳಿಸುತ್ತಿತ್ತು. ಮಾರುವವರು ಎಷ್ಟು ಕೋರ್ ಇದೆ, ಎಷ್ಟು ಮೆಮೊರಿ ಇದೆ ಅಂತ ಶುರು ಮಾಡಿದರೆ ಸಾರ್ ಮಧ್ಯೆ ತಡೆದು, ಅದಿರಲಿ, ಭಾನುವಾರ ಕೆಟ್ಟರೆ ಬರುವವರ ಊರು ಯಾವುದು ಅನ್ನುತ್ತಿದ್ದರು. ಅಂಬಲಮುಗಳ್ ಅಂತ ಉತ್ತರ ಬಂದರೆ ಸಮಾಧಾನ, ಹತ್ತಿರದಲ್ಲೇ ಇದೆ. ಚೆನ್ನೈ ಅಂತ ಬಂದರೆ ಆ ಹಾಳೆಯ ಮೂಲೆಯಲ್ಲಿ ಸಣ್ಣದೊಂದು ಅಡ್ಡಗೀಟು.

ಇನ್ನೊಂದು ಪದ್ಧತಿ ಇತ್ತು, ಅದನ್ನು ಹೇಳಲೇಬೇಕು. ತಮ್ಮ ವರದಿಯಿಂದ ಯಾರಿಗೆ ನಷ್ಟವೋ, ಸಾರ್ ಆ ವರದಿಯನ್ನು ಮೊದಲು ಅವರಿಗೇ ಓದಿ ಹೇಳುತ್ತಿದ್ದರು. ನಮ್ಮ ಯುಪಿಎಸ್ ಬ್ಯಾಟರಿ ನೋಡಿಕೊಳ್ಳುತ್ತಿದ್ದವನೊಬ್ಬ ಸರಿಯಾಗಿ ಬರುತ್ತಿರಲಿಲ್ಲ. ಅವನನ್ನು ಬಿಡಿಸಿ ಅಂತ ಸಾರ್ ಬರೆದರು. ಬರೆದವರು ಅದನ್ನು ಅನೂಪ್ ಚೇಟನಿಗೆ ಕೊಡುವ ಮೊದಲು ಆಟೋ ಹತ್ತಿ ಅವನ ಅಂಗಡಿಗೇ ಹೋಗಿ, ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತ ಮೊದಲಿಂದ ಕೊನೆಯವರೆಗೆ ಓದಿದರು. ಅವನು ಎರಡನೇ ಪುಟದಲ್ಲಿ ಒಂದು ತಪ್ಪು ಹಿಡಿದ. ಸಾರ್ ಅಲ್ಲೇ ಕೂತು ತಿದ್ದಿದರು. ಆಮೇಲೂ ಅವನನ್ನು ಬಿಡಿಸಲೇಬೇಕಾಯಿತು. ಆದರೆ ಅವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಸಾರಿಗೆ ನಮಸ್ಕಾರ ಮಾಡುತ್ತಿದ್ದ, ನನಗೆ ಮಾಡುತ್ತಿರಲಿಲ್ಲ. ನಾನು ಅವನ ದನಿಯನ್ನೂ ಮಾಡುತ್ತಿದ್ದೆ ಅಂತ ಯಾರೋ ಹೇಳಿರಬೇಕು.

ಈಗ ದೋಣಿಯ ವಿಷಯ.

ನಮ್ಮ ಕಂಪನಿಗೆ ಅನ್ನ ಹಾಕುತ್ತಿದ್ದದ್ದು ಒಂದು ಇಸ್ಪೀಟು ಆಟ. ಮೇಜಿಗೆ ನಾಲ್ಕು ಜನ. ಒಂದು ಮೇಜಿನಲ್ಲಿ ಏನಾಗುತ್ತದೆ ಅನ್ನುವುದು ಇನ್ನೊಂದು ಮೇಜಿಗೆ ಬೇಕಿಲ್ಲ. ಹಾಗಾಗಿ ಒಂದೇ ದೊಡ್ಡ ಮಷೀನಿನ ಬದಲು ಹನ್ನೆರಡು ಸಣ್ಣ ಮಷೀನುಗಳನ್ನು ತಂತಿಯಿಂದ ಜೋಡಿಸಿ, ಮೇಜುಗಳನ್ನು ಹಂಚಿಬಿಟ್ಟಿದ್ದೆವು. ಇದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಒಂದು ಕೆಟ್ಟರೆ ಹನ್ನೊಂದು ನಡೆಯುತ್ತವೆ. ಬಿಡಿಯಾಗಿ ನೋಡಿದರೆ ಒಂದೊಂದರ ಬೆಲೆಯೂ ಕಡಿಮೆ. ಎಲ್ಲ ಚೆನ್ನಾಗಿತ್ತು.

ಆಗ ಅನೂಪ್ ಚೇಟನಿಗೆ ವಳ್ಳಂಕಳಿಯ, ಅಂದರೆ ದೋಣಿ ಪಂದ್ಯದ, ಆಟ ಮಾಡುವ ಆಸೆ ಹುಟ್ಟಿತು. ಆಲಪ್ಪುಳದ ಕಡೆಯವರು, ಆಸೆ ಹುಟ್ಟದಿದ್ದರೆ ಆಶ್ಚರ್ಯ. ಐದು ಉದ್ದನೆ ದೋಣಿ, ದೋಣಿಗೆ ನೂರು ಜನ. ಪ್ರತಿಯೊಬ್ಬನೂ ತನ್ನ ತನ್ನ ಮನೆಯಲ್ಲಿ ಕೂತು ಹೆಬ್ಬೆರಳಿನಿಂದ ಹುಟ್ಟು ಹಾಕಬೇಕು. ಎಲ್ಲರ ಕೈ ಕೂಡಿದರೆ ದೋಣಿ ಹಾರುತ್ತದೆ, ಕೂಡದಿದ್ದರೆ ತೂಗಾಡುತ್ತದೆ. ಒಂದು ದೋಣಿ ಎಬ್ಬಿಸಿದ ಅಲೆ ಪಕ್ಕದ ದೋಣಿಗೆ ತಾಗುತ್ತದೆ. ಇದನ್ನು ಯಾವುದರ ಮೇಲೆ ನಡೆಸುವುದು? ಹೊರಗಿನ ಬಾಡಿಗೆ ಮಷೀನುಗಳ ಬಿಲ್ಲು ಆಡುವವರು ಹೆಚ್ಚಿದಂತೆಲ್ಲ ಏರುತ್ತದೆ, ಅದು ಬೇಡ ಅಂತ ಆಗಲೇ ತೀರ್ಮಾನವಾಗಿತ್ತು. ಉಳಿದದ್ದು ಎರಡು ದಾರಿ. ಇರುವ ಕ್ಲಸ್ಟರನ್ನೇ ಇನ್ನೂ ಹನ್ನೆರಡು ಸಣ್ಣ ಮಷೀನು ಸೇರಿಸಿ ದೊಡ್ಡದು ಮಾಡುವುದು, ಇಲ್ಲವೇ ನಾಲ್ಕು ಪ್ರೊಸೆಸರು ಒಂದೇ ಡಬ್ಬಿಯೊಳಗಿರುವ ಒಂದು ದೊಡ್ಡ ಮಷೀನು ಕೊಳ್ಳುವುದು. ಎರಡರ ಖರ್ಚನ್ನೂ ಹೋಲಿಸಿ ವರದಿ ಕೊಡಿ ಅಂತ ಸಾರಿಗೆ ಒಪ್ಪಿಸಿದರು. ಪರೀಕ್ಷೆ ನಡೆಸುವವನು ನಾನು.

ಸಾರ್ ಆ ಮಂಗಳವಾರ ಬಂದವರೇ ನನ್ನನ್ನು ಗಾಜಿನ ಕೋಣೆಗೆ ಕರೆದರು. ಚಷ್ಮಾ ತೆಗೆದರು, ಕೆಮ್ಮಿದರು. ಕ್ರಮ ಸರಿಯಾಗಿತ್ತು.

“ಇಪ್ಪತ್ನಾಲ್ಕು ಮಷೀನ್ ಆದ್ವಂದ್ರ ನೋಡಾಕ ಒಬ್ಬ ಪೂರ್ತಿ ಬೇಕು. ನೀ ಪರ್ಮನೆಂಟ್ ಆಗ್ತಿ. ಒಂದ ದೊಡ್ಡ ಮಷೀನ್ ಬಂತಂದ್ರ ಮಾರ್ಚಿಗೆ ನಿನ್ನ ಕೆಲಸ ಮುಗೀತದ. ಲೆಕ್ಕಾ ಇನ್ನೂ ಹಾಕಿಲ್ಲ. ಹಾಕೂಕಿಂತ ಮೊದಲ ಇದು ನಿನಗ ಗೊತ್ತಿರಬೇಕು.”

ನಾನು ನಕ್ಕೆ. ನಗದೆ ಏನು ಮಾಡಲಿ, ಎಲ್ಲದಕ್ಕೂ ನಗುವವನು ಅಂತ ಹೆಸರಾಗಿಬಿಟ್ಟಿತ್ತು. ಹಾಗಾದರೆ ನೀವೇ ಕ್ಲಸ್ಟರ್ ಪರ ಒಂಚೂರು ಕೈ ಒತ್ತಿಬಿಡಿ ಸಾರ್ ಅಂದೆ. ಕೈ ಒತ್ತಿದರೆ ತಕ್ಕಡಿ ಕೆಡುತ್ತದೆ, ಇನ್ನೊಂದು ತಕ್ಕಡಿ ನನ್ನ ಹತ್ತಿರ ಇಲ್ಲ ಅಂದರು. ಆಮೇಲೆ ಅದನ್ನು ಬಿಟ್ಟು, ಒಬ್ಬ ಮೇಷ್ಟ್ರ ಹಾಗೆ ಬೋರ್ಡಿನ ಕಡೆ ತಿರುಗಿದರು.

“ನೋಡು ತಮ್ಮಾ. ತಂಪಾನೂರಿಂದ ಮೂವತ್ತು ಮಂದಿ ಮೂವತ್ತು ಕಡೆ ಹೊಂಟಾರಂದ್ರ ಆಟೋ ಚಲೋ. ಅದ ಮೂವತ್ತು ಮಂದಿ ಕೂಡಿ ಅಂತ್ಯಾಕ್ಷರಿ ಹಾಡ್ಕೋತ ಶ್ರೀಕಾರ್ಯಂಗೆ ಹೋಗ್ಬೇಕಂದ್ರ ಬಸ್ಸು ಬೇಕಪಾ. ಹತ್ತು ಆಟೋದಾಗ ಕೂತು ಒಬ್ರಿಗೊಬ್ರು ಒದರಿದ್ರ ಯಾವ ಹಾಡು ಎಲ್ಲಿ ಮುಟ್ಟತದ? ನಿನ್ನ ದೋಣಿ ಆಟೋದ ಮಂದೀದೋ ಬಸ್ಸಿನ ಮಂದೀದೋ, ಅದನ್ನ ನೋಡಿ ಹೇಳು.”

ನಾನು ಐದುನೂರು ಜನ ಎಲ್ಲಿಂದ ತರಲಿ? ಫೋನು ಹಿಡಿದು ಎರಡು ನಿಮಿಷ ನಾನೇ ಹುಟ್ಟು ಹಾಕಿದೆ. ಅದನ್ನು ರೆಕಾರ್ಡು ಮಾಡಿ ಐದುನೂರು ಪ್ರತಿ ತೆಗೆದು, ಮುಂದಿನ ಸೋಮವಾರ ಕ್ಲಸ್ಟರಿನ ಮೇಲೆ ಓಡಿಸಿದೆ. ಐದು ದೋಣಿಯೂ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋದವು. ಒಂದೇ ಒಂದು ತಡವರಿಕೆ ಇಲ್ಲ. ಕ್ಲಸ್ಟರ್ ಸಾಕು, ಸಾಕಷ್ಟೇ ಅಲ್ಲ, ಮಿಗುತ್ತದೆ. ನನ್ನ ಕೆಲಸ ಉಳಿಯಿತು. ರಾತ್ರಿ ಅಮ್ಮನಿಗೆ ಫೋನು ಮಾಡಿ ನಿಜವಾಗಿಯೇ ಊಟ ಮಾಡುತ್ತಿದ್ದೇನೆ ಅಂದೆ.

ಊಟದ ಕೊನೆಗೆ, ಮಜ್ಜಿಗೆಯ ಹೊತ್ತಿಗೆ ಹೊಳೆಯಿತು. ಆ ಐದುನೂರು ಜನವೂ ನಾನೇ. ಒಂದೇ ಹೆಬ್ಬೆರಳು, ಒಂದೇ ಕ್ಷಣಕ್ಕೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದರೆ ಹನ್ನೆರಡು ಮಷೀನುಗಳು ಒಂದಕ್ಕೊಂದು ಕೇಳಿಕೊಳ್ಳುವುದೇ ಬೇಕಿಲ್ಲ, ಉತ್ತರ ಮೊದಲೇ ಗೊತ್ತು. ಒಬ್ಬರ ಕೈ ಒಬ್ಬರಿಗೆ ತಪ್ಪಿದಾಗಲೇ ಅಲ್ಲವೇ ಕಷ್ಟ ಶುರುವಾಗುವುದು. ಊರವರನ್ನೆಲ್ಲ ನಕಲು ಮಾಡಿ ಸಾಕಾಗಿ ಕೊನೆಗೆ ನನ್ನನ್ನೇ ಐದುನೂರು ಸಲ ಮಾಡಿಕೊಂಡು, ಅದನ್ನು ಜನ ಅಂತ ಕರೆದಿದ್ದೆ. ಮಿಮಿಕ್ರಿ ಮಾಡುವವನು ಮಾತ್ರ ಮಾಡಬಹುದಾದ ತಪ್ಪು.

ತಿಳಿಯದೆ ಮಾಡಿದ್ದು ತಪ್ಪು. ತಿಳಿದ ಮೇಲೆ ಸುಮ್ಮನಿದ್ದೆನಲ್ಲ, ಅದಕ್ಕೆ ಬೇರೆ ಹೆಸರು. ಮಂಗಳವಾರ ಸಾರ್ ಬಂದರು. ಫಲಿತಾಂಶದ ಹಾಳೆ ಕೊಟ್ಟೆ. ಬುಧವಾರ, ದೋಣಿ ಓಡಿದ್ದನ್ನು ಪರದೆಯ ಮೇಲೆ ತೋರಿಸು ಅಂದರು. ತೋರಿಸಿದೆ. ಸಾರ್ ಕುರ್ಚಿ ಎಳೆದುಕೊಂಡು ಮೂರು ಸಲ ನೋಡಿದರು. ಚಷ್ಮಾ ತೆಗೆಯಲಿಲ್ಲ, ಕೆಮ್ಮಲಿಲ್ಲ.

“ಈ ದೋಣ್ಯಾಗ ಜಗಳ ಯಾಕಿಲ್ಲ?” ಅಂತ ಕೇಳಿದರು.

ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

“ನೂರು ಮಂದಿ ಕೂತಾರ, ಒಬ್ಬನ ಕೈನೂ ತಪ್ಪವಲ್ದು. ಯಾವ ಊರವರಪಾ ಇವ್ರು?”

“ಎಲ್ಲಾ ಮೈಸೂರಿನವರು ಸಾರ್,” ಅಂದೆ. ಬಾಯಿಗೆ ಬಂದದ್ದು ಅದು. ತಮಾಷೆಯ ದನಿಯಲ್ಲೇ ಬಂತು, ಆದರೆ ಇಬ್ಬರೂ ನಗಲಿಲ್ಲ.

ಅವರು ತಮ್ಮ ಹೋಲಿಕೆಯ ಪಟ್ಟಿಯನ್ನು ತೆರೆದರು. ಎಡಗಡೆ ಕ್ಲಸ್ಟರ್, ಬಲಗಡೆ ದೊಡ್ಡ ಮಷೀನು. ಕೊಳ್ಳುವ ಬೆಲೆ, ಕರೆಂಟು, ಏಸಿ, ಮಷೀನುಗಳನ್ನು ಜೋಡಿಸುವ ಸ್ವಿಚ್ಚು ಮತ್ತು ತಂತಿ, ಪ್ರೊಸೆಸರಿನ ಲೆಕ್ಕದಲ್ಲಿ ಕೊಡಬೇಕಾದ ಸಾಫ್ಟ್‌ವೇರ್ ಲೈಸೆನ್ಸು, ಕೆಟ್ಟಾಗ ಬರುವವರು, ಪ್ರತಿದಿನ ನೋಡಿಕೊಳ್ಳುವವರು. ಎಲ್ಲ ತುಂಬಿದ್ದರು. ‘ಪರೀಕ್ಷೆಯಲ್ಲಿ ಕಂಡದ್ದು’ ಅನ್ನುವ ಒಂದು ಸಾಲು ಮಾತ್ರ ಖಾಲಿ.

“ಈ ಸಾಲು ನಂದಲ್ಲ, ನೀ ಬರಿ. ನಾ ಮಂಗಳವಾರ ಬರ್ತೇನಿ,” ಅಂದು ಚೀಲ ಹೆಗಲಿಗೆ ಹಾಕಿಕೊಂಡು ಟ್ರೈನಿಗೆ ಹೋದರು.

ಅವರಿಗೆ ಗೊತ್ತಾಗಿತ್ತು. ನನಗೆ ಗೊತ್ತಿದೆ ಅನ್ನುವುದೂ ಗೊತ್ತಾಗಿತ್ತು. ಅವರೇ ಒಂದು ಸಾಲು ಬರೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು, ಮುದುಕ ನನ್ನ ಕೆಲಸ ತೆಗೆಸಿದ ಅಂತ ಬೈದುಕೊಂಡು ತಿರುಗಾಡಬಹುದಿತ್ತು. ಗುರುವಾರ ಇಡೀ ದಿನ ಆ ಖಾಲಿ ಜಾಗವನ್ನು ತೆರೆದಿಟ್ಟುಕೊಂಡು ಕೂತೆ. ಅಂದು ಕ್ಯಾಂಟೀನಿನಲ್ಲಿ ಸಾರಿನದ್ದು ಮಾಡು ಅಂತ ಯಾರೋ ಕೇಳಿದರು. ಗಂಟಲು ನೋವು ಅಂದೆ.

ಶುಕ್ರವಾರ ಊಟ ಮುಗಿಸಿ ಬಂದು ಬರೆದೆ: ‘ಹುಟ್ಟು ಹಾಕಿದ ಐದುನೂರು ಜನವೂ ಒಬ್ಬನದೇ ಪ್ರತಿ. ಈ ಫಲಿತಾಂಶ ನಂಬಬಾರದು. ಬೇರೆ ಬೇರೆ ಜನರಿಂದ ಮತ್ತೆ ಪರೀಕ್ಷೆ ಆಗಬೇಕು.’ ಇಂಗ್ಲಿಷಿನಲ್ಲಿ ಬರೆದದ್ದು, ಆ ಭಾಷೆಯಲ್ಲಿ ಇನ್ನೂ ಒಣಒಣವಾಗಿತ್ತು. ಸಾರಿಗೂ ಅನೂಪ್ ಚೇಟನಿಗೂ ಒಟ್ಟಿಗೆ ಕಳಿಸಿದೆ. ಅನೂಪ್ ಚೇಟ ಹತ್ತು ನಿಮಿಷದಲ್ಲಿ ಎದುರು ಬಂದು ನಿಂತು, ಒಂದೇ ಒಂದು ‘ಬೇಸಿಕಲಿ’ ಇಲ್ಲದೆ ಬೈದರು. ಸಾರಿನಿಂದ ಬಂದದ್ದು ಒಂದೇ ಪದ: ‘ಮುಟ್ಟಿತು.’

ಮುಂದಿನ ವಾರ ನಾನು ಫೋನು ಹಿಡಿದು ಇಡೀ ಕಟ್ಟಡ ಸುತ್ತಿದೆ, ಹೆಬ್ಬೆರಳು ಬೇಡುತ್ತ. ಕ್ಯಾಂಟೀನಿನ ಚೇಚಿ, ಅಂದರೆ ಅಕ್ಕ, ಒಂದು ಕೈಯಲ್ಲಿ ಪಳಂಪೊರಿ ಮಗುಚುತ್ತ ಇನ್ನೊಂದು ಕೈಯಲ್ಲಿ ಹುಟ್ಟು ಹಾಕಿದಳು. ಸೆಕ್ಯುರಿಟಿಯ ಚೇಟ ನಾಲ್ಕು ಹಾಕಿ, ಯಾರೋ ಬಂದರು ಅಂತ ಎದ್ದು ನಿಂತು ಸಲ್ಯೂಟು ಹೊಡೆದು, ಮತ್ತೆ ಎರಡು ಹಾಕಿದ. ಅನೂಪ್ ಚೇಟ ತಪ್ಪಿದಾಗಲೆಲ್ಲ ಫೋನಿಗೇ ಬೈದು ಹಟಕ್ಕೆ ಬಿದ್ದು ಜೋರಾಗಿ ಕುಟ್ಟಿದರು. ಸಾರ್ ಮಂಗಳವಾರ ತಮ್ಮ ಚಷ್ಮಾ ತೆಗೆದಿಟ್ಟು ಒಂದೇ ಗತಿಯಲ್ಲಿ, ಎಲ್ಲರಿಗಿಂತ ನಿಧಾನವಾಗಿ ಹಾಕಿದರು. ಆ ದೋಣಿಗೆ ಅವರೇ ಭಾರ. ಹೀಗೆ ಸೇರಿದ ಜನರನ್ನು ಬೆರೆಸಿ ಬುಧವಾರ ಓಡಿಸಿದಾಗ ಕ್ಲಸ್ಟರ್ ಸುಸ್ತಾಯಿತು. ಮಷೀನಿಂದ ಮಷೀನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸುದ್ದಿ ಹಳತಾಗುತ್ತಿತ್ತು. ಒಂದು ದೋಣಿಯ ಮೂತಿಯಲ್ಲಿ ಕೂತವರ ಫೋನಿನಲ್ಲಿ ಗೆದ್ದಿರಿ ಅಂತ ಬಂತು, ಅದೇ ದೋಣಿಯ ಬಾಲದಲ್ಲಿ ಕೂತವರ ಫೋನಿನಲ್ಲಿ ಸೋತಿರಿ ಅಂತ ಬಂತು. ಮಾರುವವರಿಂದ ಎರಡು ದಿನಕ್ಕೆ ತರಿಸಿದ್ದ ದೊಡ್ಡ ಮಷೀನಿನ ಮೇಲೆ ಅದೇ ಜನ, ಅದೇ ಜಗಳ. ಆದರೆ ಜಗಳ ಮನೆಯೊಳಗೇ ತೀರಿತು. ದೋಣಿ ತೂಗಾಡುತ್ತ, ಬಳುಕುತ್ತ, ನಿಜವಾದ ದೋಣಿಯ ಹಾಗೆ ಗೆರೆ ದಾಟಿತು.

ಸಾರಿನ ವರದಿ ದೊಡ್ಡ ಮಷೀನನ್ನು ಹೊಗಳಲಿಲ್ಲ. ಕೊಳ್ಳುವಾಗ ಅದೇ ದುಬಾರಿ. ಅದು ಕೆಟ್ಟು ಕೂತರೆ ಇಡೀ ಆಟ ಕೂರುತ್ತದೆ, ಆದ್ದರಿಂದ ಅದರ ಪಕ್ಕದಲ್ಲಿ ಇನ್ನೊಂದು ಸುಮ್ಮನೆ ಕಾಯುತ್ತ ನಿಂತಿರಬೇಕು, ಅದರ ಬೆಲೆಯನ್ನೂ ಸೇರಿಸಿ ಅಂತ ಬರೆದರು. ಅನೂಪ್ ಚೇಟ ತಲೆ ಹಿಡಿದುಕೊಂಡರು. ಆದರೂ ತಂತಿ, ಏಸಿ, ಲೈಸೆನ್ಸು, ನೋಡಿಕೊಳ್ಳುವವರ ಸಂಬಳ ಎಲ್ಲ ಕೂಡಿಸಿ ಐದು ವರ್ಷಕ್ಕೆ ನೋಡಿದರೆ ಎರಡೂ ಹತ್ತಿರ ಹತ್ತಿರ. ಹತ್ತಿರ ಇರುವಾಗ ದೋಣಿಯನ್ನು ಒಡೆಯದಿರುವುದನ್ನೇ ಆರಿಸಿ ಅನ್ನುವುದು ಕೊನೆಯ ಸಾಲು. ಇಸ್ಪೀಟು ಇರುವ ಕ್ಲಸ್ಟರಿನಲ್ಲೇ ಇರಲಿ, ಅಲ್ಲಿ ಆಟೋನೇ ಸರಿ. ಸಂಬಳದ ಸಾಲಿನಲ್ಲಿದ್ದದ್ದು ನಾನು. ಆ ವರದಿಯನ್ನು ಸಾರ್ ಮೊದಲು ನನಗೇ ಓದಿ ಹೇಳಿದರು. ತಪ್ಪು ಹಿಡಿಯಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ.

ಅವರ ಶ್ರೀಕಾರ್ಯಂ ಮನೆಗೆ ನಾನು ಒಂದೇ ಸಲ ಹೋಗಿದ್ದು, ವರದಿ ಕೊಟ್ಟ ಮೇಲೆ, ಫೆಬ್ರವರಿಯಲ್ಲಿ. ಸಾರ್ ಧಾರವಾಡದ ಕನ್ನಡದಲ್ಲಿ ಮಗಳಿಗೆ ಏನೋ ಕೇಳುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಮಲಯಾಳದಲ್ಲಿ ಉತ್ತರಿಸುತ್ತಾಳೆ, ಸಾರಿನ ಹೆಂಡತಿ ಎರಡನ್ನೂ ಬೆರೆಸಿ ಇಬ್ಬರನ್ನೂ ಗದರುತ್ತಾರೆ. ಯಾರಿಗೂ ಏನೂ ತಪ್ಪಿಹೋಗುವುದಿಲ್ಲ. ಆಂಟಿ ನನ್ನ ತಟ್ಟೆಗೆ ಇನ್ನೆರಡು ರೊಟ್ಟಿ ಹಾಕಿ, ಇವರು ನಿನಗೆ ಎಲ್ಲಾದರೂ ಕೆಲಸಕ್ಕೆ ಹೇಳಬಹುದಲ್ಲ ಅಂದರು. ಸಾರ್, ಕೇಳಿದರೆ ಹೇಳುತ್ತೇನೆ, ಕೇಳದವರಿಗೆ ಏನು ಹೇಳಲಿ ಅಂದರು. ಅಲ್ಲಿಗೆ ಮಾತು ಮುಗಿಯಿತು. ನನಗೆ ಸ್ವಲ್ಪ ನೋವಾಯಿತು. ರೊಟ್ಟಿ ಮಾತ್ರ ಬಿಡಲಿಲ್ಲ.

ಮಾರ್ಚ್ ಮುಗಿಯಿತು. ಕೇಕು ಕತ್ತರಿಸಿದರು. ಅನೂಪ್ ಚೇಟ ತಮ್ಮ ಮಿಮಿಕ್ರಿಯನ್ನು ತಾವೇ ಕೇಳಿ ಮಾಡಿಸಿಕೊಂಡು, ಒಳ್ಳೆ ಹುಡುಗ ಅಂತ ನಿಜಕ್ಕೂ ಬೇಸರದಿಂದ ಕೈ ಕುಲುಕಿದರು. ಏಪ್ರಿಲಿನಲ್ಲಿ ನಾಲ್ಕು ಕಡೆ ಅರ್ಜಿ ಹಾಕಿದೆ, ಮೂರು ಕಡೆಯಿಂದ ಮೌನ. ನಾಲ್ಕನೆಯದು ತಿರುವನಂತಪುರದ ಐಟಿ ಪಾರ್ಕು. ಅಲ್ಲಿಯ ಕಂಪನಿಯೊಂದು ಆಸ್ಪತ್ರೆಗಳ ಮಷೀನುಗಳನ್ನು ನೋಡಿಕೊಳ್ಳುತ್ತಿತ್ತು. ಸಂದರ್ಶನ ಮಾಡಿದವರು ಒಬ್ಬ ಮೇಡಂ, ಕೂದಲೆಲ್ಲ ಬಿಳಿ, ನಗುವ ಅಭ್ಯಾಸ ಇದ್ದಂತೆ ಕಾಣಲಿಲ್ಲ. ಕ್ಲಸ್ಟರಿನ ಬಗ್ಗೆ ಒಂದು ಗಂಟೆ ಕೇಳಿದರು. ಆಮೇಲೆ ಫೈಲು ಮುಚ್ಚಿ, ನಿಮ್ಮ ಅರ್ಜಿಯಲ್ಲಿ ಕೊಟ್ಟಿದ್ದ ಹೆಸರಿಗೆ ನಿನ್ನೆ ಫೋನು ಮಾಡಿದ್ದೆ ಅಂದರು.

ಆ ಹೆಸರು ಸಾರಿನದು.

ಅವರು ಏನೆಂದರು ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಮೇಡಮ್ಮೇ ಹೇಳಿದರು. ಹುಡುಗ ಚುರುಕು, ಬಾಯಿ ಜಾಸ್ತಿ ಅಂದರಂತೆ. ಒಂದು ಪರೀಕ್ಷೆ ತಪ್ಪಾಗಿದ್ದು ಗೊತ್ತಾದ ಮೇಲೆ ಮೂರು ದಿನ ಮುಚ್ಚಿಟ್ಟಿದ್ದ ಅಂದರಂತೆ. ಬರೆದರೆ ಕೆಲಸ ಹೋಗುತ್ತದೆ ಅಂತ ಗೊತ್ತಿದ್ದೂ ನಾಲ್ಕನೇ ದಿನ ತಾನೇ ಬರೆದ, ನಾನು ಹೇಳಿಕೊಡಲಿಲ್ಲ ಅಂದರಂತೆ. ಅಷ್ಟೇ. ತೆಗೆದುಕೊಳ್ಳಿ ಅಂತಲೂ ಅನ್ನಲಿಲ್ಲವಂತೆ, ಬೇಡ ಅಂತಲೂ ಅನ್ನಲಿಲ್ಲವಂತೆ.

ಮೇಡಂ ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡಿದರು. ಇಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ತಪ್ಪನ್ನು ಎಷ್ಟು ದಿನ ಮುಚ್ಚಿಡುತ್ತಾರೆ ಅಂತ ಹೇಳುವವರು ನನಗೆ ಯಾರೂ ಸಿಕ್ಕಿಲ್ಲ, ನಿಮ್ಮದು ಮೂರು ದಿನ ಅಂತ ಗೊತ್ತಾಗಿದೆ, ನಿಜವೇ ಅಂದರು.

“ಮೂರಲ್ಲ ಮೇಡಂ, ಮೂರೂವರೆ,” ಅಂದೆ. “ಶುಕ್ರವಾರ ಊಟ ಆಗೋ ತನಕ ಬರೆದಿರಲಿಲ್ಲ.”

ಅವರು ಮುಚ್ಚಿದ್ದ ಫೈಲು ತೆರೆದು, ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು.